ಕುಸ್ವಾರಿನ ಕೇಕಿಗೆ ಅಳತೆ ಕೇಳಿದ ಮೊಮ್ಮಗಳು

(ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆದ ಪ್ರಕರಣವಿದು.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಸಲಹಾರ್ಥಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ, ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಕುಟುಂಬದ ಮಹಿಳೆ. ರಾತ್ರಿ ನಿದ್ರೆ ಬರುವುದಿಲ್ಲ, ಊರಿಗೆ ಫೋನು ಮಾಡಿದಾಗಲೆಲ್ಲ ಮಾತು ಜಗಳದಲ್ಲಿ ಮುಗಿಯುತ್ತದೆ ಎಂಬುದು ಅವರು ಹೇಳಿಕೊಂಡ ತೊಂದರೆ. ಜಗಳದ ವಿಷಯ ಕೇಕು. ಎಂಬತ್ತು ದಾಟಿದ ಅವರ ಅಜ್ಜಿ ಪ್ರತಿ ವರ್ಷ ಕ್ರಿಸ್ಮಸ್‌ನ ಕುಸ್ವಾರಿಗೆಂದು (ಹಬ್ಬಕ್ಕೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳು) ಪ್ಲಮ್ ಕೇಕನ್ನೂ, ರವೆ ಮತ್ತು ತೆಂಗಿನಕಾಯಿಯ ಬಾತ್ ಕೇಕನ್ನೂ ಮನೆಯಲ್ಲೇ ಮಾಡುತ್ತಿದ್ದರು. ನೆವ್ರ್ಯೊ, ಕಿಡ್ಯೊ, ಗುಳಿಯೊಗಳಂಥ ಕುಸ್ವಾರಿನ ಇತರ ತಿಂಡಿಗಳನ್ನು ಬೇಕರಿಯಿಂದ ತಂದರೂ ಈಗ ಆ ಮನೆಯಲ್ಲಿ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ನೆರೆಮನೆಗಳಿಗೆ ಹೋಗುವ ತಟ್ಟೆಯಲ್ಲಿ ಅಜ್ಜಿಯ ಕೇಕು ಇರಲೇಬೇಕು. ಹಿಂದಿನ ಡಿಸೆಂಬರಿನಲ್ಲಿ ಅಜ್ಜಿ ಸಕ್ಕರೆಯನ್ನು ಎರಡು ಸಲ ಹಾಕಿದರು, ಕೇಕು ನಡುವೆ ಕುಸಿಯಿತು, ಮನೆಯವರು ಯಾರೋ ನಕ್ಕರು. ಇನ್ನು ಮುಂದೆ ತಾನು ಕೇಕು ಮಾಡುವುದಿಲ್ಲ ಎಂದು ಅಜ್ಜಿ ಅಂದೇ ಹೇಳಿಬಿಟ್ಟರು.

ಮೊಮ್ಮಗಳಿಗೆ ದಿಗಿಲಾಯಿತು. ಫೋನಿನಲ್ಲಿ ಅಳತೆ ಕೇಳತೊಡಗಿದರು. ಮೊಟ್ಟೆ ಎಷ್ಟೆಂದರೆ ಒಮ್ಮೆ ಹನ್ನೆರಡು, ಇನ್ನೊಮ್ಮೆ ಒಂಬತ್ತು. ಮೈದಾ ಎಷ್ಟೆಂದರೆ ‘ಅಂದಾಜಿಗೆ ಹಾಕುವುದು’ ಎಂಬ ಉತ್ತರ. ರಜೆ ಹಾಕಿ ಊರಿಗೆ ಹೋಗಿ, ಮೊಬೈಲಿನ ಕ್ಯಾಮೆರಾ ಹಿಡಿದು ನಿಂತಾಗ ಅಜ್ಜಿ ಅಡುಗೆಮನೆಯಿಂದಲೇ ಎದ್ದು ಹೋದರು. ಜೊತೆಗಿದ್ದ ಸೋದರತ್ತೆ, “ಅಮ್ಮ ಇನ್ನೂ ಇದ್ದಾರಲ್ಲ, ನಿನಗೆ ಇಷ್ಟು ಅವಸರ ಯಾಕೆ? ಬೆಂಗಳೂರಿನಲ್ಲಿ ಮಾರುವುದಕ್ಕಾ?” ಎಂದು ಕೇಳಿದರಂತೆ.

ಅತ್ತೆಯ ಮಾತು ಕಟುವಾಗಿದ್ದರೂ ಅದರ ಮೊದಲರ್ಧದಲ್ಲಿ ತಿರುಳಿತ್ತು ಎಂದೇ ನನ್ನ ಅಭಿಪ್ರಾಯ. ತನ್ನ ನೆನಪು ಜಾರುತ್ತಿರುವುದು ಗೊತ್ತಿರುವ ವೃದ್ಧೆಗೆ, ಮನೆಮಂದಿ ಒಬ್ಬೊಬ್ಬರಾಗಿ ಬಂದು ಅಳತೆ ಕೇಳುವುದು, ‘ಹೋಗುವ ಮೊದಲು ಕೊಟ್ಟು ಹೋಗಿ’ ಎಂದಂತೆ ಕೇಳಿಸಬಹುದು. ತಡವರಿಸಿದ ಪ್ರತಿ ಉತ್ತರವೂ ಮರೆವಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಇದನ್ನು ಹೇಳಿದಾಗ ಸಲಹಾರ್ಥಿ ಬಹಳ ಹೊತ್ತು ಅತ್ತರು. ಅಗಲಿಕೆಗೆ ಮೊದಲೇ ಶುರುವಾಗುವ ಇಂಥ ದುಃಖ ಅಪರೂಪವಲ್ಲ. ಅದು ಕೆಲವರಲ್ಲಿ ಕಣ್ಣೀರಾಗಿ ಬಂದರೆ, ಇವರಲ್ಲಿ ಅಳತೆಯ ಹಠವಾಗಿ ಬಂದಿತ್ತು.

ಮೊದಲು ಸೂಚಿಸಿದ್ದು ವೈದ್ಯಕೀಯ ತಪಾಸಣೆ. ವಯಸ್ಸಾದವರ ಮರೆವೆಲ್ಲವೂ ಡಿಮೆನ್ಷಿಯಾ (ಮೆದುಳಿನ ಕಾಯಿಲೆಯಿಂದ ಬರುವ ಮರೆವು) ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಕಿವಿ ಮಂದವಾಗುವುದು ಕೂಡ ಹಾಗೆ ತೋರಬಹುದು. ಎರಡನೆಯದಾಗಿ, ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ಜೊತೆಯಲ್ಲಿ ಕೆಲಸ ಮಾಡಬೇಕೆಂದೆ. ಡಿಮೆನ್ಷಿಯಾದ ಆರಂಭದ ಹಂತದಲ್ಲಿಯೂ ಹೇಳಿ ವಿವರಿಸುವ ನೆನಪಿಗಿಂತ ಕೈ ರೂಢಿಯ ನೆನಪು ಹೆಚ್ಚು ಕಾಲ ಉಳಿಯುವುದುಂಟು. ಎಷ್ಟು ಬೆಣ್ಣೆ ಎಂದು ಕೇಳಿದರೆ ತಬ್ಬಿಬ್ಬಾಗುವವರು, ಬೋಗುಣಿ ಮುಂದಿಟ್ಟರೆ ತಾವಾಗಿಯೇ ಸರಿಯಾದಷ್ಟು ತೆಗೆದು ಹಾಕಬಲ್ಲರು. ಅಳತೆ ಬೇಕಿದ್ದರೆ ಮೈದಾ, ಸಕ್ಕರೆ, ಬೆಣ್ಣೆಯ ಡಬ್ಬಿಗಳನ್ನು ಕೆಲಸಕ್ಕೆ ಮೊದಲು ತೂಗಿಟ್ಟು, ಮುಗಿದ ಮೇಲೆ ಮತ್ತೆ ತೂಗಿದರೆ ಆಯಿತು. ಅಜ್ಜಿಯ ಕೈ ತಡೆಯುವ ಅಗತ್ಯವೇ ಇಲ್ಲ.

ತೂಕಕ್ಕೆ ಸಿಗದ ಸಂಗತಿಗಳೂ ಇರುತ್ತವೆ. ಪ್ಲಮ್ ಕೇಕಿನ ಬಣ್ಣಕ್ಕಾಗಿ ಸಕ್ಕರೆಯನ್ನು ಸುಡುವಾಗ ಯಾವ ಕ್ಷಣದಲ್ಲಿ ಬಿಸಿನೀರು ಸುರಿಯಬೇಕೆಂಬುದನ್ನು ಹೊಗೆ ಮತ್ತು ವಾಸನೆ ಹೇಳುತ್ತವೆ; ಒಂದು ಗಳಿಗೆ ತಡವಾದರೆ ಕೇಕು ಕಹಿ, ಬೇಗನಾದರೆ ಬಣ್ಣವಿಲ್ಲ. (ಆ ಪಾಕ ಸಿಡಿಯುತ್ತದೆ, ಮರೆವಿರುವವರನ್ನು ಆ ಒಲೆಯ ಮುಂದೆ ಒಂಟಿಯಾಗಿ ಬಿಡಬಾರದು.) ಬಾತ್ ಕೇಕಿನ ಹಿಟ್ಟನ್ನು ರವೆ ನೆನೆದು ಅರಳಲು ಇಡೀ ರಾತ್ರಿ ಬಿಡುವ ಮನೆಗಳಿವೆ, ಬೆಳಿಗ್ಗೆ ಅದು ಎಷ್ಟು ಗಟ್ಟಿಯಾಗಿರಬೇಕೆಂಬುದು ಸೌಟಿಗೇ ತಿಳಿಯಬೇಕು. ಆದ್ದರಿಂದ ಎರಡನೆಯ ಸಲ ಮೊಮ್ಮಗಳೇ ಮಾಡಲಿ, ಅಜ್ಜಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಲಿ ಎಂದೆ. ನಿಯಮ ಹೇಳಲು ಬಾರದವರೂ ಎದುರಿಗೆ ತಪ್ಪು ನಡೆದಾಗ ಸುಮ್ಮನಿರಲಾರರು, ಆ ತಿದ್ದುಪಡಿಗಳನ್ನು ಬರೆದುಕೊಳ್ಳಬೇಕು.

ಮೊಟ್ಟೆಯ ಗೊಂದಲ ಬಗೆಹರಿದದ್ದು ಹೀಗೆಯೇ. ಹನ್ನೆರಡು ಎಂಬುದು ಹಿತ್ತಿಲಿನಲ್ಲಿ ಊರಕೋಳಿ ಸಾಕುತ್ತಿದ್ದ ಕಾಲದ ಲೆಕ್ಕ, ಒಂಬತ್ತು ಎಂಬುದು ಅಂಗಡಿಯ ಫಾರಂ ಮೊಟ್ಟೆಯದು. ಊರಕೋಳಿಯ ಮೊಟ್ಟೆ ಸುಮಾರು 40 ಗ್ರಾಂ, ಫಾರಂ ಮೊಟ್ಟೆ 50ರಿಂದ 55 ಗ್ರಾಂ ತೂಗುವುದರಿಂದ ಎರಡು ಉತ್ತರಗಳೂ ಹೆಚ್ಚುಕಡಿಮೆ ಒಂದೇ ತೂಕವನ್ನು ಹೇಳುತ್ತಿದ್ದವು. ಮರೆವೆಂದು ಎಲ್ಲರೂ ಭಾವಿಸಿದ್ದರಲ್ಲಿ ಒಂದು ಪಾಲು ಹೀಗೆ ಮರೆವೇ ಆಗಿರಲಿಲ್ಲ.

ಅತ್ತೆಯ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ಅವರನ್ನು ಬಿಟ್ಟು ಈ ಕೆಲಸ ಮಾಡಬೇಡಿ. ಅಜ್ಜಿಯ ಬಳಿ ರಾತಲಿನ (ಪೌಂಡಿನ) ಲೆಕ್ಕದಲ್ಲಿ, ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆದ ಹಳೆಯ ಪುಸ್ತಕವೊಂದಿದೆ, ಅದನ್ನು ಓದಲು ಬರುವವರು ಅತ್ತೆಯೇ. ದುಬೈ ಮತ್ತು ಕೆನಡಾದಲ್ಲಿ ಬೆಳೆದ ಮಕ್ಕಳಿಗೆ ಈ ಲಿಪಿ ಬಾರದು. ಅತ್ತೆ ಓದಿ ಹೇಳುವುದು, ಸಲಹಾರ್ಥಿ ರೋಮನ್ ಲಿಪಿಯಲ್ಲಿಯೂ ಗ್ರಾಂಗಳಲ್ಲಿಯೂ ಬರೆಯುವುದು, ಒಂದು ರಾತಲಿಗೆ 454 ಗ್ರಾಂ ಹಿಡಿಯುವುದು ಎಂದು ಇಬ್ಬರೂ ಒಪ್ಪಿಕೊಂಡರು. ವಿಡಿಯೊ ತೆಗೆಯುವುದಾದರೆ ಅಜ್ಜಿಯನ್ನು ಕೇಳಿಯೇ ತೆಗೆಯಬೇಕು, ಮನೆಯ ಹೊರಗೆ ಯಾರಿಗೆ ತೋರಿಸಬೇಕೆಂಬುದನ್ನೂ ಅವರೇ ತೀರ್ಮಾನಿಸಬೇಕು.

ತಪಾಸಣೆಯಲ್ಲಿ ಬಿ12 ಕೊರತೆ ಕಂಡು ಚಿಕಿತ್ಸೆ ಆರಂಭವಾಯಿತು. ಮರೆವು ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ. ನರರೋಗ ತಜ್ಞರು ಆರು ತಿಂಗಳ ನಂತರ ಮತ್ತೆ ನೋಡಲಿದ್ದಾರೆ. ಬೆಂಗಳೂರಿನ ಓವನ್ನಿನಲ್ಲಿ ಸಲಹಾರ್ಥಿ ಮಾಡಿದ ಕೇಕು ಅಜ್ಜಿಯದರಂತೆ ಬಂದಿಲ್ಲ. ಉಷ್ಣತೆ ತೋರಿಸುವ ಗುಂಡಿಯೂ ಇಲ್ಲದ ಅಜ್ಜಿಯ ದುಂಡು ಅಲ್ಯುಮಿನಿಯಂ ಓವನ್ನಿನ ಒಳಗೆ ಥರ್ಮಾಮೀಟರ್ ಇಟ್ಟು ನೋಡಿ, ಅದೇ ಶಾಖಕ್ಕೆ ಹೊಂದಿಸಿ ಮತ್ತೆ ಮಾಡುವಂತೆ ಹೇಳಿದ್ದೇನೆ. ಹಾಗೆ ಮಾಡಿದರೂ ಸ್ವಲ್ಪ ವ್ಯತ್ಯಾಸ ಉಳಿಯಬಹುದು ಎಂಬುದನ್ನೂ ಮುಚ್ಚಿಟ್ಟಿಲ್ಲ. ನಿದ್ರೆ ಸುಧಾರಿಸಿದೆ. ಮುಂದಿನ ಭೇಟಿಯಲ್ಲಿ, ಅಜ್ಜಿಯ ಆರೈಕೆಯ ಹೊರೆಯನ್ನು ಅತ್ತೆಯೊಂದಿಗೆ ಹಂಚಿಕೊಳ್ಳುವ ಬಗೆಯನ್ನು ಮಾತನಾಡಬೇಕೆಂದು ಸಲಹಾರ್ಥಿಯೇ ಕೇಳಿದ್ದಾರೆ.