ತೀರ್ಪು ತಾನಾಗಿ ಊರು ಮುಟ್ಟುವುದಿಲ್ಲ

ಮಾನ್ಯರೇ,

ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ (ಐಸಿಸಿ) ಕುರಿತ ನಮ್ಮ ಲೇಖನಕ್ಕೆ ನೀವು ಎತ್ತಿರುವ ಆಕ್ಷೇಪ ಇದು: ನ್ಯಾಯಾಲಯ ತೀರ್ಪಿನ ಮೂಲಕ ಮಾತ್ರ ಮಾತನಾಡಬೇಕು, ರೇಡಿಯೊ ಕಾರ್ಯಕ್ರಮ, ಊರೂರು ಸಭೆ, ಪರದೆಯ ಮೇಲೆ ಕಲಾಪ ತೋರಿಸುವುದು ಅದರ ಘನತೆಗೆ ತಕ್ಕದ್ದಲ್ಲ, ಆ ಹಣ ಸಂತ್ರಸ್ತರಿಗೆ ಸೇರಲಿ.

ಮೊದಲ ಮಾತು ದೇಶದೊಳಗಿನ ನ್ಯಾಯಾಲಯಗಳಿಗೆ ಸಲ್ಲುತ್ತದೆ. ಅಲ್ಲಿ ವಕೀಲರು, ವರದಿಗಾರರು, ಕಲಾಪ ನೋಡಲು ಬಂದ ಬಂಧುಗಳು ಸುದ್ದಿಯನ್ನು ಹೊತ್ತೊಯ್ಯುತ್ತಾರೆ. ದೂರದ ನೆದರ್ಲೆಂಡ್ಸ್‌ನ ಹೇಗ್‌ ನಗರದಲ್ಲಿ ಕುಳಿತ ಅಂತರರಾಷ್ಟ್ರೀಯ ನ್ಯಾಯಾಧೀಶರಿಗೆ ಆ ಅನುಕೂಲವಿಲ್ಲ. ಹಿಂದಿನ ಯುಗೊಸ್ಲಾವಿಯದ ಅಪರಾಧಗಳಿಗಾಗಿ ವಿಶ್ವಸಂಸ್ಥೆ 1993ರಲ್ಲಿ ನ್ಯಾಯಮಂಡಳಿ ಸ್ಥಾಪಿಸಿತು. ಅದು ಜನಸಂಪರ್ಕ ಕಾರ್ಯಕ್ರಮ ಆರಂಭಿಸಿದ್ದು 1999ರಲ್ಲಿ. ನಡುವಿನ ವರ್ಷಗಳಲ್ಲಿ ಆ ನಾಡಿನ ಜನರಿಗೆ ನ್ಯಾಯಮಂಡಳಿಯ ಕತೆ ಹೇಳಿದವರು ಬಹುಮಟ್ಟಿಗೆ ಅದನ್ನು ದ್ವೇಷಿಸುತ್ತಿದ್ದ ರಾಜಕಾರಣಿಗಳು. ಆಮೇಲೆ ಎಷ್ಟು ವಿವರಿಸಿದರೂ ಆ ಕತೆ ಅಳಿಸಿಹೋಗಲಿಲ್ಲ.

ತೀರ್ಪು ಓದಿದ ಮಾತ್ರಕ್ಕೆ ಅರ್ಥವಾಗಿಬಿಡುತ್ತದೆ ಎಂಬುದನ್ನೂ ನಾನು ಒಪ್ಪಲಾರೆ. ಕಾಂಬೋಡಿಯದ ವಿಶೇಷ ನ್ಯಾಯಾಲಯ 2010ರ ಜುಲೈನಲ್ಲಿ 1970ರ ದಶಕದ ಖ್ಮೇರ್ ರೂಜ್ ಆಡಳಿತ ನಡೆಸಿದ ಎಸ್-21 ಸೆರೆಮನೆಯ ಮುಖ್ಯಸ್ಥ ಡುಚ್‌ಗೆ 35 ವರ್ಷಗಳ ಶಿಕ್ಷೆ ವಿಧಿಸಿತು. ಸೇನಾ ನ್ಯಾಯಾಲಯ ಅವನನ್ನು ಅಕ್ರಮವಾಗಿ ಬಂಧನದಲ್ಲಿ ಇರಿಸಿಕೊಂಡಿದ್ದಕ್ಕೆ 5 ವರ್ಷ, ಆಗಲೇ ಕಳೆದಿದ್ದ ಸೆರೆವಾಸಕ್ಕೆ 11 ವರ್ಷ ಕಳೆದು ಉಳಿದದ್ದು 19. ಬದುಕುಳಿದವರು, ಸತ್ತವರ ಮಕ್ಕಳು ನ್ಯಾಯಾಲಯದ ಹೊರಗೆ ಕೋಪದಿಂದ, ಕಣ್ಣೀರಿನಿಂದ ನಿಂತರು. ಅಷ್ಟೊಂದು ಜನರನ್ನು ಕೊಲ್ಲಿಸಿದವನು ಒಂದು ದಿನ ಮನೆಗೆ ಹೋಗಬಹುದೇ ಎಂಬುದು ಅವರ ಪ್ರಶ್ನೆ. ಆರೋಪಿಗೂ ಹಕ್ಕುಗಳಿವೆ, ಮೇಲ್ಮನವಿ ಇನ್ನೂ ಬಾಕಿಯಿದೆ ಎಂದು ಎದುರು ಕುಳಿತು, ಅವರ ಭಾಷೆಯಲ್ಲಿ ಯಾರಾದರೂ ಹೇಳಲೇಬೇಕಿತ್ತು. 2012ರಲ್ಲಿ ಮೇಲ್ಮನವಿ ಪೀಠ ಶಿಕ್ಷೆಯನ್ನು ಜೀವಾವಧಿಗೆ ಏರಿಸಿತು, ಅದನ್ನೂ ವಿವರಿಸಬೇಕಾಯಿತು.

ಉತ್ತರ ಉಗಾಂಡದ ಉದಾಹರಣೆ ಇನ್ನೂ ಕಠಿಣ. ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಗುಂಪಿನ ಕಮಾಂಡರ್ ಡೊಮಿನಿಕ್ ಓಂಗ್ವೆನ್ ವಿರುದ್ಧದ ವಿಚಾರಣೆ 2016ರ ಡಿಸೆಂಬರಿನಲ್ಲಿ ಐಸಿಸಿಯಲ್ಲಿ ಆರಂಭವಾದಾಗ, ಆ ಗುಂಪಿನ ದಾಳಿಗೆ ತುತ್ತಾದ ಲುಕೋಡಿಯಲ್ಲೂ ಅವನ ಹುಟ್ಟೂರು ಕೊರೋಮ್‌ನಲ್ಲೂ ಜನ ಅದನ್ನು ಪರದೆಯ ಮೇಲೆ ನೋಡಿದರು. ಒಂದೂರಿನಲ್ಲಿ ಸತ್ತವರ ಮನೆಯವರು, ಇನ್ನೊಂದರಲ್ಲಿ ಆರೋಪಿಯ ಬಂಧುಬಳಗ. ಬಾಲಕನಾಗಿದ್ದಾಗ ಬಂಡುಕೋರರೇ ಅಪಹರಿಸಿ ಬೆಳೆಸಿದವನನ್ನು ಏಕೆ ಶಿಕ್ಷಿಸುತ್ತೀರಿ? ಸರ್ಕಾರಿ ಸೈನಿಕರನ್ನು ಏಕೆ ಮುಟ್ಟಲಿಲ್ಲ? ಇಂಥ ಪ್ರಶ್ನೆಗಳ ಎದುರು ನಿಲ್ಲುವುದು ಸಣ್ಣ ಕೆಲಸವಲ್ಲ. ಎರಡನೆಯದಕ್ಕೆ ಜನ ಒಪ್ಪುವ ಉತ್ತರ ನ್ಯಾಯಾಲಯದ ಬಳಿ ಇವತ್ತಿಗೂ ಇಲ್ಲವೆಂದೇ ನನ್ನ ಭಾವನೆ. ಆದರೂ ಆ ಪ್ರಶ್ನೆ ಕೇಳಿಸಿಕೊಳ್ಳಲು ಅಲ್ಲಿಗೆ ಹೋಗಬೇಕು.

ಹಣದ ವಿಷಯ. ಓಂಗ್ವೆನ್ ಪ್ರಕರಣದಲ್ಲಿ 4,000ಕ್ಕೂ ಹೆಚ್ಚು ಸಂತ್ರಸ್ತರು ತಮ್ಮ ವಕೀಲರ ಮೂಲಕ ವಿಚಾರಣೆಯಲ್ಲಿ ಪಾಲ್ಗೊಂಡರು. ಹಾಗೆ ಪಾಲ್ಗೊಳ್ಳುವ ಹಕ್ಕು ತಮಗಿದೆ ಎಂದು, ಅರ್ಜಿ ತುಂಬುವುದು ಹೇಗೆಂದು ಹಳ್ಳಿಗೆ ಬಂದು ತಿಳಿಸುವವರಿಲ್ಲದಿದ್ದರೆ ಅವರಲ್ಲಿ ಎಷ್ಟು ಮಂದಿ ಮುಂದೆ ಬರುತ್ತಿದ್ದರು? ಪರಿಹಾರದ ಸುದ್ದಿಯೂ ಅದೇ ದಾರಿಯಲ್ಲಿ ಅವರನ್ನು ಮುಟ್ಟಬೇಕು. ಜನಸಂಪರ್ಕಕ್ಕೆ ಕತ್ತರಿ ಹಾಕಿದರೆ ಮೊದಲು ನಷ್ಟವಾಗುವುದು ನೀವು ಕಾಳಜಿ ತೋರಿದ ಜನರಿಗೇ.

ನಿಮ್ಮ ಒಂದು ಆತಂಕ ಮಾತ್ರ ಪೂರ್ತಿ ನ್ಯಾಯವಾದದ್ದು. ವಿಚಾರಣೆ ಮುಗಿಯುವ ಮುನ್ನ ಆರೋಪಿಯನ್ನು ಅಪರಾಧಿಯಂತೆ ಬಿಂಬಿಸುವ, ನ್ಯಾಯಾಲಯದ ಸಾಧನೆಯನ್ನು ಹೊಗಳಿಕೊಳ್ಳುವ ಕರಪತ್ರಗಳಿಗೆ ಒಂದು ಪೈಸೆಯೂ ಖರ್ಚಾಗಬಾರದು. ಆರೋಪಿ ಖುಲಾಸೆಯಾದ ದಿನವೂ, 2018ರಲ್ಲಿ ಕಾಂಗೊದ ಮಾಜಿ ಉಪಾಧ್ಯಕ್ಷ ಬೆಂಬಾ ಐಸಿಸಿಯ ಮೇಲ್ಮನವಿಯಲ್ಲಿ ಬಿಡುಗಡೆಯಾದಾಗ ಆದಂತೆ, ಅದೇ ಸಿಬ್ಬಂದಿ ಅದೇ ಜನರ ಮುಂದೆ ನಿಂತು ಕಾರಣ ಹೇಳಬೇಕಾಗುತ್ತದೆ. ಅವರ ತರಬೇತಿ, ಸಂಬಳ, ಪ್ರಯಾಣದ ಖರ್ಚು ದಾನಿಗಳ ಮರ್ಜಿಗೆ ಬಿಡದೆ ನ್ಯಾಯಾಲಯದ ನಿಯತ ಬಜೆಟ್ಟಿನಿಂದಲೇ ಬರಬೇಕು ಎಂಬುದು ನಮ್ಮ ಪತ್ರಿಕೆಯ ನಿಲುವು.

— ಸಂಪಾದಕ