ರಿಂಗ್ ರೋಡ್ ದಾಟಿ ಮಗಳು ಶಾಲೆಗೆ ಹೋಗಬೇಕು, ಸೈಕಲ್ ಕೊಡಿಸಲಾ?

ಮಗಳು ಐದನೇ ಕ್ಲಾಸು, ಶಾಲೆ ಒಂದೂವರೆ ಕಿಲೋಮೀಟರ್, ನಡುವೆ ಕಲಬುರಗಿಯ ರಿಂಗ್ ರೋಡ್. ಸೈಕಲ್ ಕೊಡಿಸಲಾ, ನಡೆದೇ ಹೋಗಲಿ ಅನ್ನಲಾ ಅಂತ ಕೇಳಿದ್ದೀರಿ. ನಾವೂ ಸೇಡಂ ರಸ್ತೆ ಕಡೆಯವರು. ನನ್ನ ಮಗಳನ್ನು ಎರಡು ವರ್ಷ ನಡೆಸಿಯೇ ಕಳಿಸಿದೆ, ಏಳನೇ ಕ್ಲಾಸಿಗೆ ಸೈಕಲ್ ಕೊಡಿಸಿದೆ. ನೀವೂ ಸ್ವಲ್ಪ ತಡೆಯಿರಿ. ಈ ವಯಸ್ಸಿಗೆ ಗಾಡಿ ಬರುತ್ತಿದೆ ಅಂತ ಗೊತ್ತಾಗುತ್ತದೆ, ಎಷ್ಟು ಜೋರಾಗಿ ಬರುತ್ತಿದೆ ಅನ್ನುವ ಅಂದಾಜು ಸರಿಯಾಗಿ ಸಿಗುವುದಿಲ್ಲ.

ಮೊದಲು ಒಂದು ವಾರ ಶಾಲೆ ಟೈಮಿಗೇ ಅವಳ ಜೊತೆ ನಡೆಯಿರಿ. ಭಾನುವಾರದ ಖಾಲಿ ರಸ್ತೆ ನೋಡಿದರೆ ಏನೂ ತಿಳಿಯಲ್ಲ. ದಾಟುವ ಜಾಗದಲ್ಲಿ ಒಮ್ಮೆ ಅವಳ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿ. ನಾನು ಬಗ್ಗಿದಾಗ ಎದೆ ಧಸಕ್ ಅಂದಿತು. ಪಕ್ಕದಲ್ಲಿ ಕಾರು ನಿಂತಿತ್ತು. ನಾನು ನಿಂತಾಗ ಅದರ ಮೇಲಿಂದ ಬಸ್ಸು ಕಾಣುತ್ತಿತ್ತು, ಬಗ್ಗಿದಾಗ ಬರೀ ಕಾರು. ಅವಳಿಗೆ ಬಸ್ಸು ಕಾಣದಿದ್ದರೆ ಡ್ರೈವರ್‌ಗೆ ಅವಳೂ ಕಾಣಲ್ಲ, ಅಲ್ವಾ? ಅವತ್ತೇ ಐವತ್ತು ಹೆಜ್ಜೆ ಮುಂದೆ, ಗಾಡಿ ನಿಲ್ಲಿಸದ ಜಾಗ ಹುಡುಕಿದೆವು. ಅಲ್ಲಿ ಬಿಟ್ಟು ಬೇರೆಲ್ಲೂ ದಾಟಬಾರದು ಅಂತ ಮಾತಾಯಿತು.

ಇನ್ನೊಂದು ಭಯ ರಾಂಗ್ ಸೈಡ್ ಬೈಕುಗಳದ್ದು. ಡಿವೈಡರ್ ಇರುವ ರಸ್ತೆಯಲ್ಲಿ ಡಿವೈಡರ್ ಮುಟ್ಟುವ ತನಕ ಬಲಕ್ಕೆ ನೋಡಿದರೆ ಸಾಕು ಅಂತ ಪುಸ್ತಕದಲ್ಲಿ ಸರಿ. ನಮ್ಮೂರಲ್ಲಿ ಎಡದಿಂದಲೂ ಬರುತ್ತಾರೆ. ನನ್ನ ಮಗಳು ಕಾಲಿಡುವಷ್ಟರಲ್ಲಿ ಒಂದು ಬೈಕ್ ಚಪ್ಪಲಿಗೆ ತಾಗುವ ಹಾಗೆ ಹೋಯಿತು. ಆಮೇಲೆ ಎರಡೂ ಕಡೆ ನೋಡದೆ ಅವಳು ಹೆಜ್ಜೆ ಇಟ್ಟಿಲ್ಲ. ಫುಟ್‌ಪಾತ್ ಇಲ್ಲದ ಕಡೆ ಬಲಬದಿಗೆ, ಗಾಡಿಗಳಿಗೆ ಮುಖ ಮಾಡಿ ನಡೆಯಲಿ.

ಚಳಿಗಾಲದಲ್ಲಿ ಅಫಜಲಪುರ, ಆಳಂದ ಕಡೆ ಕಬ್ಬಿನ ಟ್ರ್ಯಾಕ್ಟರ್ ಜಾಸ್ತಿ. ಕೆಲವಕ್ಕೆ ಹಿಂದೆ ಎರಡು ಟ್ರೇಲರ್. ಇಂಜಿನ್ ದಾಟಿತು ಅಂತ ಮಕ್ಕಳು ಓಡುತ್ತಾರೆ. ತಿರುವಿನಲ್ಲಿ ಹಿಂದಿನ ಟ್ರೇಲರ್ ಒಳಗೆ ಎಳೆದುಕೊಂಡು ಬರುತ್ತದೆ, ಮೂಲೆಯಲ್ಲಿ ನಿಂತ ಮಗುವಿನ ಕಡೆಗೇ. ಇದನ್ನು ದೂರ ನಿಂತು ಒಂದು ಸಲ ಕಣ್ಣಾರೆ ತೋರಿಸಿ. ಸುಮ್ನೆ ಹೇಳಿದರೆ ತಲೆಗೆ ಹೋಗಲ್ಲ.

ಎರಡನೇ ವಾರ ಹತ್ತು ಹೆಜ್ಜೆ ಹಿಂದೆ ಇರಿ. ಯಾವಾಗ ದಾಟಬೇಕು ಅಂತ ಅವಳೇ ಹೇಳಲಿ. ತಪ್ಪಾದರೆ ಮಾತ್ರ ಕೂಗಿ. ಓಣಿಯ ಇನ್ನಿಬ್ಬರು ಮಕ್ಕಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಾವು ನಾಲ್ಕು ಮನೆಯವರು ದಿನಕ್ಕೊಬ್ಬರಂತೆ ರಸ್ತೆ ದಾಟಿಸುತ್ತಿದ್ದೆವು.

ಸೈಕಲ್ ಕೊಡಿಸುವಾಗ ಸೀಟಲ್ಲಿ ಕೂತರೆ ಕಾಲು ನೆಲಕ್ಕೆ ತಾಗಬೇಕು. ಮುಂದೆ ಬೆಳೀತಾಳೆ ಅಂತ ದೊಡ್ಡದು ತರಬೇಡಿ. ಹೆಲ್ಮೆಟ್ ಬೇಕೇ ಬೇಕು. ಹಿಂದೆ, ಬ್ಯಾಗಿಗೂ ರೇಡಿಯಂ ಅಂಟಿಸಿ. ರಿಂಗ್ ರೋಡ್ ಬಂದಾಗ ಇಳಿದು, ತಳ್ಳಿಕೊಂಡು ದಾಟಲಿ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ರಿಮ್ಮಿಗೆ ಮೆತ್ತಿದರೆ ಬ್ರೇಕ್ ಜಾರುತ್ತದೆ. ಬೆಳಿಗ್ಗೆ ಎರಡು ತಂಬಿಗೆ ನೀರು ಹಾಕಿ ತೊಳೆದು, ನೀವೇ ಒಮ್ಮೆ ಬ್ರೇಕ್ ಹಿಡಿದು ನೋಡಿ ಕಳಿಸಿ.