ವಿಂಡೋಸ್‌ನಲ್ಲಿ ಮುಕ್ತ ತಂತ್ರಾಂಶಕ್ಕೆ ಜಾಗವಿದೆಯೇ?

ಕಚೇರಿ ಕೆಲಸದ ಲಿಬ್ರೆಆಫೀಸ್, ಚಿತ್ರ ತಿದ್ದುವ ಜಿಂಪ್‌ನಂಥ ಮುಕ್ತ ತಂತ್ರಾಂಶಗಳು (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದವು) ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಸಿಗುವುದಾದರೆ ಜನ ಮುಕ್ತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ಗೆ ಬರುವ ಕಾರಣವೇ ಇಲ್ಲವಾಗುತ್ತದೆ, ಆದ್ದರಿಂದ ಅವುಗಳನ್ನು ಅಲ್ಲಿಗೆ ಒದಗಿಸುವುದು ಮುಕ್ತ ತಂತ್ರಾಂಶದ ಉದ್ದೇಶಕ್ಕೇ ವಿರುದ್ಧವಲ್ಲವೇ ಎಂದು ನೀವು ಕೇಳಿದ್ದೀರಿ. ವಿರುದ್ಧವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದಕ್ಕೊಂದು ಷರತ್ತಿದೆ.

ಮೊದಲು ಇತಿಹಾಸವನ್ನು ನೋಡೋಣ. ಮುಕ್ತ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್, ಪೂರ್ತಿ ಮುಕ್ತವಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆಯನ್ನು 1983ರಲ್ಲಿ ಪ್ರಕಟಿಸಿದಾಗ ಅದರ ತಂತ್ರಾಂಶಗಳನ್ನು ನಡೆಸಲು ಮುಕ್ತವಾದ ಆಪರೇಟಿಂಗ್ ಸಿಸ್ಟಮ್ ಒಂದೂ ಇರಲಿಲ್ಲ. 1985ರ ಗ್ನೂ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ, 1987ರ ಜಿಸಿಸಿ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ಬದಲಿಸುವ ಸಲಕರಣೆ) ಎರಡೂ ಬೆಳೆದದ್ದು ಕಂಪನಿಗಳು ಮಾರುತ್ತಿದ್ದ, ಮುಕ್ತವಲ್ಲದ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಯಂತ್ರಗಳ ಮೇಲೆಯೇ. ಲಿನಕ್ಸ್‌ನ ತಿರುಳಾದ ಕರ್ನಲ್ 1991ರಲ್ಲಿ ಬಂದಾಗ ಅದಕ್ಕೆ ಬೇಕಾದ ಸಲಕರಣೆಗಳು ಆಗಲೇ ಹಲವರ ಕೈಯಲ್ಲಿ ಪಳಗಿದ್ದವು. ಗ್ನೂ ಯೋಜನೆಯ ಮುಕ್ತ ತಂತ್ರಾಂಶ ಪರವಾನಗಿಯಾದ ಜಿಪಿಎಲ್‌ನ ಅದೇ ವರ್ಷದ ಎರಡನೆಯ ಆವೃತ್ತಿಯೂ, ತಂತ್ರಾಂಶದ ಮೂಲ ಸಂಕೇತವನ್ನು (ಪ್ರೋಗ್ರಾಮರ್ ಬರೆದ, ತಿದ್ದಬಹುದಾದ ರೂಪವನ್ನು) ಕೊಡುವವರು ಅದು ನಡೆಯುವ ಆಪರೇಟಿಂಗ್ ಸಿಸ್ಟಮ್‌ನ ಪ್ರಮುಖ ಭಾಗಗಳ ಮೂಲ ಸಂಕೇತವನ್ನೂ ಕೊಡಬೇಕಿಲ್ಲ ಎಂದು ಸ್ಪಷ್ಟವಾಗಿಯೇ ವಿನಾಯಿತಿ ನೀಡಿದೆ.

ಇನ್ನು ಬಳಸುವವರ ಕಡೆಯಿಂದ ನೋಡಿದರೆ, ಅವರನ್ನು ಕಟ್ಟಿಹಾಕುವುದು ಆಪರೇಟಿಂಗ್ ಸಿಸ್ಟಮ್‌ಗಿಂತ ಹೆಚ್ಚಾಗಿ ಅವರ ಕಡತಗಳು ಮತ್ತು ಕೈಗೆ ಹತ್ತಿದ ರೂಢಿ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ: ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಬರಹಗಳು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳಾಗಿ ಕಾಣುವುದನ್ನು ನಾವೆಲ್ಲ ಅನುಭವಿಸಿದ್ದೇವೆ. ವಿಂಡೋಸ್‌ನಲ್ಲಿಯೇ ಕುಳಿತು, ಲಿಬ್ರೆಆಫೀಸ್‌ನಲ್ಲಿ ಯೂನಿಕೋಡ್ ಕನ್ನಡ ಬರೆದು, 2006ರಲ್ಲಿ ಐಎಸ್ಒ ಅಂತರರಾಷ್ಟ್ರೀಯ ಮಾನಕವಾದ ಓಡಿಎಫ್ ಎಂಬ ಮುಕ್ತ ಕಡತ ರೂಪದಲ್ಲಿ ಉಳಿಸುವ ವ್ಯಕ್ತಿಯು ಮುಂದೆಂದಾದರೂ ಲಿನಕ್ಸ್‌ಗೆ ಹೋಗಬೇಕೆಂದರೆ ಅವರ ಕಡತವೂ ಜೊತೆಗೆ ಬರುತ್ತದೆ, ಅಭ್ಯಾಸವೂ ಬರುತ್ತದೆ. ಅವರು ಎಂದಿಗೂ ಹೋಗದಿದ್ದರೂ ಆ ಕಡತದ ಮೇಲಿನ ಹಿಡಿತ ಅವರದೇ, ಮತ್ತು ಅಷ್ಟು ಸ್ವಾತಂತ್ರ್ಯವನ್ನೂ ಅಲ್ಪವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಷರತ್ತು ಇಷ್ಟೇ: ಮುಕ್ತ ತಂತ್ರಾಂಶದಲ್ಲಿ, ಮುಕ್ತ ವ್ಯವಸ್ಥೆಯಲ್ಲಿ ಸಿಗದ ಸೌಲಭ್ಯ ವಿಂಡೋಸ್, ಮ್ಯಾಕ್‌ನಂಥ ಸ್ವಾಮ್ಯದ (ಕಂಪನಿಯೊಂದರ ಹಿಡಿತದಲ್ಲಿರುವ) ವ್ಯವಸ್ಥೆಯಲ್ಲಿ ಸಿಗಬಾರದು. 2016ರ ಈಮ್ಯಾಕ್ಸ್ 25.1ರಲ್ಲಿ ಮ್ಯಾಕ್‌ನ ಬಣ್ಣದ ಎಮೋಜಿ ಫಾಂಟ್‌ಗಳನ್ನು ತೋರಿಸುವ ಸೌಲಭ್ಯವನ್ನು, ಅದು ಮುಕ್ತ ವ್ಯವಸ್ಥೆಗಳಲ್ಲಿ ಇನ್ನೂ ಸಾಧ್ಯವಾಗಿರಲಿಲ್ಲ ಎಂಬ ಕಾರಣಕ್ಕೆ ಬೇಕೆಂದೇ ನಿಲ್ಲಿಸಲಾಯಿತು. ಇದು ಬರಿಯ ಹಟ ಎನ್ನುವವರಿದ್ದಾರೆ. ನನಗೆ ಅದು ನ್ಯಾಯವಾದ ನಿರ್ಧಾರವೆಂದೇ ಕಾಣುತ್ತದೆ, ಏಕೆಂದರೆ ಹಾಗೆ ಮಾಡದಿದ್ದರೆ ಮುಕ್ತ ತಂತ್ರಾಂಶವೇ ಜನರನ್ನು ಮ್ಯಾಕ್‌ನತ್ತ ಕರೆದಂತಾಗುತ್ತದೆ.

ಸ್ವಾಮ್ಯದ ವ್ಯವಸ್ಥೆಗಳೆಲ್ಲವೂ ಒಂದೇ ಬಗೆಯವಲ್ಲ ಎಂಬುದನ್ನೂ ಗಮನಿಸಿ. ವಿಂಡೋಸ್ ಕಂಪ್ಯೂಟರಿನಲ್ಲಿ ನೀವು ವಿಡಿಯೊ ತೋರಿಸುವ ಮುಕ್ತ ತಂತ್ರಾಂಶವಾದ ವಿಎಲ್‌ಸಿಯನ್ನು ತಿದ್ದಿ, ನಿಮ್ಮದೇ ಆವೃತ್ತಿಯನ್ನು ಹಾಕಿಕೊಂಡು, ಗೆಳೆಯರಿಗೂ ಹಂಚಬಹುದು. ಆದರೆ ಆಪಲ್‌ನ ಆಪ್ ಸ್ಟೋರ್‌ನ ನಿಬಂಧನೆಗಳು ಜಿಪಿಎಲ್‌ಗೆ ಹೊಂದುವುದಿಲ್ಲ ಎಂದು ವಿಎಲ್‌ಸಿಯ ಅಭಿವರ್ಧಕರಲ್ಲೇ ಒಬ್ಬರು ಆಕ್ಷೇಪಿಸಿದ್ದರಿಂದ 2011ರ ಜನವರಿಯಲ್ಲಿ ಅದನ್ನು ಅಲ್ಲಿಂದ ತೆಗೆಯಲಾಯಿತು. ಪರವಾನಗಿಯಲ್ಲಿ ಬದಲಾವಣೆ ಮಾಡಿಕೊಂಡ ಮೇಲೆಯೇ ಅದು 2013ರಲ್ಲಿ ಮರಳಿತು. ಪರವಾನಗಿ ಕೊಟ್ಟ ಹಕ್ಕನ್ನು ಅಂಗಡಿಯ ಬಾಗಿಲಲ್ಲೇ ಕಿತ್ತುಕೊಳ್ಳುವಂಥ ಕಡೆ ನಿಮ್ಮ ಆಕ್ಷೇಪಕ್ಕೆ ನನ್ನ ಪೂರ್ಣ ಸಹಮತವಿದೆ.

ನೀವೇ ತಂತ್ರಾಂಶ ಬರೆಯುವವರಾಗಿದ್ದರೆ, ವಿಂಡೋಸ್ ಆವೃತ್ತಿಯನ್ನು ಸಿದ್ಧಪಡಿಸುವ ಹೊಣೆಯನ್ನು ನೀವು ಹೊರಲೇಬೇಕೆಂದೇನೂ ಇಲ್ಲ. ಅದನ್ನು ಪರೀಕ್ಷಿಸುವುದಕ್ಕೂ ದೂರುಗಳಿಗೆ ಉತ್ತರಿಸುವುದಕ್ಕೂ ಬಹಳ ಸಮಯ ಹಿಡಿಯುತ್ತದೆ. ಬೇಕಾದವರು ಮುಂದೆ ಬಂದು ಮಾಡಿಕೊಂಡರೆ ಅವರ ತಿದ್ದುಪಡಿಗಳನ್ನು ಸ್ವೀಕರಿಸಿದರೆ ಸಾಕು. ಜಿಂಪ್ ಅನ್ನು ಬರೆದವರು ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್. 1990ರ ದಶಕದ ಕೊನೆಯಲ್ಲಿ ಅದನ್ನು ವಿಂಡೋಸ್‌ಗೆ ತಂದವರು ಟೋರ್ ಲಿಲ್‌ಕ್ವಿಸ್ಟ್ ಎಂಬ ಬೇರೊಬ್ಬರು.